ಹೆಬ್ಬಾತಿನ ಹಿಂಡಿನಲ್ಲಿ ಗುಲಾಬಿ ಕಾಲಿನದೊಂದು

ಹಿಂಗಾರಿ ಬಿತ್ತಿಗೆ ಮುಗಿದು, ಜೋಳ ಮೊಳಕಾಲೆತ್ತರಕ್ಕೆ ಬಂದು, ಕಡಲೆ ಕವಲೊಡೆಯುವ ಹೊತ್ತಿಗೆ ನಮ್ಮೂರಿನ ಮೇಲಿಂದ ರಾತ್ರಿ ಒಂದು ಕೂಗು ಹಾದುಹೋಗುತ್ತದೆ. ಹಳೆಯ ಬಂಡಿಯ ಅಚ್ಚು ಕೀರಲುತ್ತ ಮುಗಿಲಲ್ಲಿ ಉರುಳಿದ ಹಾಗೆ ಆ ಸದ್ದು. ಹೊಲದ ಗುಡಿಸಲಲ್ಲಿ ಮಲಗುವವರೆಲ್ಲ ಅದನ್ನು ಕೇಳಿದ್ದಾರೆ. ಅವು ಹೆಬ್ಬಾತುಗಳು. ದೀಪಾವಳಿ ಕಳೆದ ಮೇಲೆ ಬಂದು, ಶಿವರಾತ್ರಿಯಿಂದ ಹೋಳಿ ಹುಣ್ಣಿಮೆಯ ಒಳಗಾಗಿ ಮರಳುವ ಈ ಪಾವಣೆಗಳ ವಿಷಯವಾಗಿ ಒಕ್ಕಲಿಗರಲ್ಲಿ ಎರಡು ಮಾತುಗಳಿವೆ. ಒಂದು, ಇವು ಹಂಸಗಳು, ಬಂದರೆ ಒಳ್ಳೆಯದು ಎಂಬದು. ಇನ್ನೊಂದು, ಇವು ಕಡಲೆಯ ಕಳ್ಳರು ಎಂಬದು. ಎರಡೂ ಸುಳ್ಳಲ್ಲ. ಈ ವಾರ ನಾವು ಬರೆಯಹೊರಟದ್ದು ಮೂರನೆಯ ಮಾತು: ಈ ಹಿಂಡಿನೊಳಗೆ ಒಮ್ಮೊಮ್ಮೆ ಬೇರೆ ಜಾತಿಯ ಹೆಬ್ಬಾತೊಂದು ಸೇರಿಕೊಂಡು ಬಂದಿರುತ್ತದೆ, ಅದನ್ನು ಗುರುತಿಸುವದು ಹೇಗೆ, ಮತ್ತು ಅದನ್ನು ಗುರುತಿಸುವದರಲ್ಲಿ ನಾವು ಹೇಗೆ ಸೋತೆವು ಎಂಬ ಸಂಗತಿ.

ನಂದೇಶ್ವರವು ಮಂಗಳವೇಢೆ ತಾಲೂಕಿನ ಊರು. ಮಂಗಳವೇಢೆಯ ಎರೆಭೂಮಿ, ಅಲ್ಲಿಯ ಮಾಲದಂಡಿ ಜೋಳ ಇವುಗಳ ಹೆಸರು ವಾಚಕರು ಕೇಳಿರುವರು. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ಹಿಡಿದ ಮಂಗಳವೇಢೆಯೂ ಅದೇ. ಆದರೆ ತಾಲೂಕಿನ ನಮ್ಮ ಕಡೆಯ ಭಾಗವು ಮಳೆಯನ್ನೇ ನಂಬಿದ ನೆಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ನೀರಿಗಾಗಿ ಈ ಹಳ್ಳಿಗಳು ವರ್ಷಗಟ್ಟಲೆ ಕೂಗಿಕೊಂಡಿವೆ. ಇಲ್ಲಿಯ ಪಾಝರ ತಲಾವುಗಳು ಒಳ್ಳೆಯ ಮಳೆಯಾದ ವರ್ಷ ಮಾತ್ರ ತುಂಬುವವು. ತುಂಬಿದ ವರ್ಷ ಮಾತ್ರ ಹೆಬ್ಬಾತುಗಳು ನಮ್ಮಲ್ಲಿ ಇಳಿಯುವವು. ಉಳಿದ ವರ್ಷ ಅವು ತಲೆಯ ಮೇಲಿಂದ ದಾಟಿ ಭೀಮೆಯ ಕಡೆಗೆ, ಉಜನಿಯ ಹಿನ್ನೀರಿಗೆ ಹೋಗಿಬಿಡುತ್ತವೆ. ೧೯೮೦ರಲ್ಲಿ ಉಜನಿಯ ಅಣೆಕಟ್ಟು ಮುಗಿದ ಮೇಲೆ ಆ ಹಿನ್ನೀರು, ವಿಶೇಷವಾಗಿ ಭಿಗವಣದ ಕಡೆಯ ತೆಳುನೀರು, ದೂರದ ಹಕ್ಕಿಗಳ ದೊಡ್ಡ ಬೀಡಾಗಿದೆ. ಸೋಲಾಪುರದವರಿಗೆ ಹಿಪ್ಪರಗಿಯ ಕೆರೆ, ಅಕ್ಕಲಕೋಟೆಯವರಿಗೆ ಬೋರಿ ನದಿಯ ಕುರನೂರು ಜಲಾಶಯ ಹತ್ತಿರದವು. ಎಲ್ಲಿ ಅಗಲವಾದ ನೀರು, ಅದರ ದಂಡೆಗೆ ಬಯಲು, ಬಯಲಿಗೆ ತಾಗಿ ಹಸಿರು ಇರುವವೋ ಅಲ್ಲಿ ಚಳಿಯ ದಿನಗಳಲ್ಲಿ ನೋಡಬೇಕು.

ನಮ್ಮ ಕಡೆಗೆ ಬರುವ ಹೆಬ್ಬಾತುಗಳಲ್ಲಿ ಬಹುತೇಕ ಎಲ್ಲವೂ ಒಂದೇ ಜಾತಿಯವು: ಪಟ್ಟೆತಲೆಯ ಹೆಬ್ಬಾತು. ಮರಾಠಿಯಲ್ಲಿ ಅದಕ್ಕೆ ಪಟ್ಟಕಾದಂಬ ಎನ್ನುವರು, ರಾಜಹಂಸವೆಂದೂ ಅನ್ನುವದುಂಟು. ಇಲ್ಲಿ ಗಡಿಯವರಾದ ನಮಗೆ ಒಂದು ತೊಡಕು ಬರುತ್ತದೆ. ಕನ್ನಡ ಪುಸ್ತಕಗಳಲ್ಲಿ ರಾಜಹಂಸವೆಂದರೆ ಉದ್ದ ಕಾಲಿನ, ಗುಲಾಬಿ ರೆಕ್ಕೆಯ, ಬಾಗಿದ ಕೊಕ್ಕಿನ ಬೇರೆಯೇ ಹಕ್ಕಿ. ಉಜನಿಯಲ್ಲಿ ಅದೂ ಇದೆ. ಅದನ್ನು ಮರಾಠಿಯವರು ರೋಹಿತ ಎನ್ನುತ್ತಾರೆ. ಒಂದು ಹೆಸರು, ಎರಡು ಹಕ್ಕಿ. ನಮ್ಮ ಸಾಲೆಯಲ್ಲಿ ಇದರಿಂದ ಒಂದು ತಾಸಿನ ಪಾಠವೇ ಕೆಟ್ಟಿದೆ. ಸೋಲಾಪುರದಲ್ಲಿ ಹುಟ್ಟಿ ಅರಣ್ಯ ಖಾತೆಯಲ್ಲಿ ಬಾಳು ಸವೆಸಿದ ಮಾರುತಿ ಚಿತಂಪಲ್ಲಿಯವರು ಮರಾಠಿಯಲ್ಲಿ ಪಕ್ಷಿಕೋಶವನ್ನೇ ಬರೆದಿಟ್ಟರು; ೨೦೨೫ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಅವರು ತೀರಿಕೊಂಡರು. ಅಂಥ ಕೋಶ ಕೈಯಲ್ಲಿದ್ದರೆ ಹೆಸರಿನ ಜಗಳ ಅರ್ಧ ಮುಗಿಯುವದು. ಈ ಬರಹದಲ್ಲಿ ನಾವು ಹೆಬ್ಬಾತು ಎಂದೇ ಬರೆಯುತ್ತೇವೆ.

ಪಟ್ಟೆತಲೆಯ ಹೆಬ್ಬಾತಿನ ಗುರುತು ಸುಲಭ. ಎರಡು-ಮೂರು ಕಿಲೊ ತೂಗುವ ಬೂದುಮೈಯ ಹಕ್ಕಿ. ತಲೆ ಬೆಳ್ಳಗೆ, ಹಿಂದಲೆಯ ಮೇಲೆ ಅಡ್ಡಲಾಗಿ ಎರಡು ಕಪ್ಪು ಪಟ್ಟಿ, ವಿಭೂತಿಯ ಬದಲು ಕಾಡಿಗೆ ಬಳಿದಂತೆ. ಕುತ್ತಿಗೆಯ ಎರಡೂ ಬದಿಗೆ ಮೇಲಿನಿಂದ ಕೆಳಗಿನವರೆಗೆ ಬಿಳಿಯ ಗೆರೆ. ಕೊಕ್ಕು ಹಳದಿ, ಅದರ ತುದಿ ಕಪ್ಪು. ಕಾಲು ಅರಿಷಿಣ-ಕಿತ್ತಳೆಯ ನಡುವಿನ ಬಣ್ಣ. ಇದು ಮೊಟ್ಟೆಯಿಡುವದು ಲಡಾಖದ ತ್ಸೊ ಮೊರಿರಿ, ತ್ಸೊ ಕಾರ್ ಸರೋವರಗಳಲ್ಲಿ, ತಿಬೇಟದಲ್ಲಿ, ಮಂಗೋಲಿಯದಲ್ಲಿ. ಅಲ್ಲಿಂದ ಹಿಮಾಲಯವನ್ನು ದಾಟಿ ಬರುತ್ತದೆ. ಮೈಗೆ ಚಿಕ್ಕ ಯಂತ್ರ ಕಟ್ಟಿ ಬಿಟ್ಟ ಹೆಬ್ಬಾತುಗಳಲ್ಲಿ ಒಂದು ೭,೨೯೦ ಮೀಟರ ಎತ್ತರ ಮುಟ್ಟಿದ್ದು ದಾಖಲಾಗಿದೆ. ಆದರೆ ಅದು ಸದಾ ಅಷ್ಟೆತ್ತರದಲ್ಲೇ ಹಾರುವದಿಲ್ಲ. ೨೦೧೫ರಲ್ಲಿ ಪ್ರಕಟವಾದ ಅಭ್ಯಾಸದಿಂದ ತಿಳಿದದ್ದೇನೆಂದರೆ, ಅದು ಗುಡ್ಡ ಬಂದಲ್ಲಿ ಏರಿ, ಕಣಿವೆ ಬಂದಲ್ಲಿ ಇಳಿದು, ನೆಲಕ್ಕೆ ಅಂಟಿಕೊಂಡಂತೆ ಸಾಗುತ್ತದೆ. ತೆಳುವಾದ ಗಾಳಿಯಲ್ಲಿ ರೆಕ್ಕೆ ಬಡಿಯುವ ಕಷ್ಟಕ್ಕಿಂತ ಮತ್ತೆ ಮತ್ತೆ ಏರಿಳಿಯುವದೇ ಅಗ್ಗ. ಘಾಟು ಹತ್ತಿಸುವ ಎತ್ತಿನ ಹೊಕ್ಕುಳ ಬಡಿತ ನೋಡಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಇದರ ರಕ್ತವೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿಯುವ ಜಾತಿಯದು.

ಇನ್ನು ನಮ್ಮ ಸಂಗತಿ. ೨೦೨೨ರಲ್ಲಿ ಮಳೆ ಚೆನ್ನಾಗಿತ್ತು, ತಲಾವು ತುಂಬಿತ್ತು, ನವೆಂಬರ ಕೊನೆಗೆ ಹೆಬ್ಬಾತುಗಳು ಇಳಿದವು. ನಾವು ಆರನೆಯ ಇಯತ್ತೆಯ ಮಕ್ಕಳಿಗೆ ಹಲಗೆಯ ಮೇಲೆ ಚಿತ್ರ ತೆಗೆದು ಎರಡು ಪಟ್ಟಿಯ ಗುರುತನ್ನು ಕಲಿಸಿದೆವು. ಡಿಸೆಂಬರ ೨೩ಕ್ಕೆ ಎಳ್ಳಮಾವಾಸ್ಯೆ ಬಂತು. ಊರಿಗೂರೇ ಹೊಲದಲ್ಲಿ, ಸಜ್ಜೆಯ ಕಡಬು, ಭಜ್ಜಿಪಲ್ಲೆ, ಅಂಬಲಿ, ಚರಗ ಚೆಲ್ಲಿ ಉಂಡು ಮಲಗಿದೆವು. ಮರುದಿನ ಸಾಲೆಯಲ್ಲಿ ಕುರಿ ಕಾಯುವ ಮನೆಯ ಒಬ್ಬ ಹುಡುಗಿ ಎದ್ದು ನಿಂತು, “ಸರ್, ತಲಾವದಾಗಿನ ಒಂದು ಹೆಬ್ಬಾತಿಗೆ ಪಟ್ಟೀನ ಇಲ್ಲ” ಅಂದಳು.

ನಾವು ಮಾಸ್ತರರು. ಉತ್ತರ ಸಿದ್ಧವಾಗಿಯೇ ಇತ್ತು. “ಅದು ಮರಿ ಇರತದ, ಮರಿಗೆ ಪಟ್ಟಿ ಇರೂದಿಲ್ಲ, ಕೂಡು” ಅಂದೆವು.

ಉತ್ತರ ತಪ್ಪಲ್ಲ. ಇದೇ ಈ ವಿದ್ಯೆಯ ಮೊದಲನೆಯ ಪೆಟ್ಟು. ವಾಚಕರು ಇದನ್ನು ಚೆನ್ನಾಗಿ ನೆನಪಿಡಬೇಕು. ಮೊದಲನೆಯ ಚಳಿಗಾಲದ ಮರಿಗೆ ತಲೆಯ ಮೇಲೆ ಎರಡು ಪಟ್ಟಿ ಇರುವದಿಲ್ಲ. ಅದರ ನೆತ್ತಿಯಿಂದ ಹಿಂಗುತ್ತಿಗೆಯವರೆಗೆ ಒಂದೇ ಸಮನೆ ಕಂದುಬೂದು. ಕೆನ್ನೆ ಮಾತ್ರ ಬಿಳಿ. ಕಾಲು ಕೊಕ್ಕುಗಳ ಹಳದಿಯೂ ಮಾಸಿದ್ದು. ಹೊಸದಾಗಿ ನೋಡುವವರು “ಬೇರೆ ಜಾತಿ ಸಿಕ್ಕಿತು” ಎಂದು ಹೌಹಾರುವದು ಬಹುಮಟ್ಟಿಗೆ ಇಂಥ ಮರಿಯನ್ನು ನೋಡಿಯೇ. ಮರಿಯೋ ಅಲ್ಲವೋ ಎಂಬದಕ್ಕೆ ಬಣ್ಣಕ್ಕಿಂತ ಗಟ್ಟಿಯಾದ ಗುರುತು ಅದರ ಸಂಗತಿ-ಸೋಬತಿ. ಹೆಬ್ಬಾತುಗಳು ಸಂಸಾರಸ್ಥ ಹಕ್ಕಿಗಳು. ಮರಿಗಳು ತಾಯಿತಂದೆಯ ಜೊತೆಗೇ ಹಿಮಾಲಯ ದಾಟಿ ಬಂದು, ಆ ಚಳಿಗಾಲವೆಲ್ಲ ಅವರ ಮಗ್ಗುಲು ಬಿಡುವದಿಲ್ಲ. ಆದಕಾರಣ ಪಟ್ಟಿಯಿಲ್ಲದ ಹಕ್ಕಿಯ ಹತ್ತಿರ ಪಟ್ಟಿಯುಳ್ಳ ಎರಡು ದೊಡ್ಡವು ನಿಂತಿದ್ದು, ಅವು ಹೋದಲ್ಲಿ ಇದೂ ಹೋಗುತ್ತಿದ್ದರೆ ಅದು ಮರಿ. ಯಾರಿಗೂ ಸೇರದೆ, ಹಿಂಡಿನ ಅಂಚಿನಲ್ಲಿ ಒಂಟಿಯಾಗಿ ಮೇಯುತ್ತ, ಬೇರೆಯವು ಹತ್ತಿರ ಬಂದರೆ ಸರಿದು ನಿಲ್ಲುವದಾದರೆ ಅದನ್ನು ಎರಡನೆಯ ಸಲ ನೋಡತಕ್ಕದ್ದು.

ಆದಿತ್ಯವಾರ ಬೆಳಿಗ್ಗೆ ನಾವು ಎಂಟು ಪಟ್ಟಿನ ದುರ್ಬೀನು ತೆಗೆದುಕೊಂಡು ತಲಾವಿಗೆ ಹೋದೆವು. ಹುಡುಗಿಯೂ ಕುರಿಗಳ ಜೊತೆ ಅಲ್ಲಿಯೇ ಇದ್ದಳು. ಎಣಿಸಿದೆವು: ೮೪. ಅವುಗಳಲ್ಲಿ ಪಟ್ಟಿಯಿಲ್ಲದವು ೧೧. ಒಂದೊಂದನ್ನೂ ತೋರಿಸಿ, “ನೋಡು, ಇದು ಮರಿ, ಇದರ ಅವ್ವ ಇದು” ಎಂದು ಬಿಡಿಸಿ ಹೇಳಿದೆವು. ಹುಡುಗಿ ಸುಮ್ಮನೆ ಕೇಳಿ, “ಇವಲ್ಲರಿ ಸರ್, ಆ ಕಡೇದು, ಕಾಲು ಗುಲಾಬಿ ಇದ್ದದ್ದು” ಅಂದಳು. ದಂಡೆಯ ಬಾಗಿನ ಹಿಂದೆ, ಹಿಂಡಿನಿಂದ ಒಂದಷ್ಟು ಮಾರು ದೂರದಲ್ಲಿ ೧೨ನೆಯದೊಂದು ನಿಂತಿತ್ತು.

ಅದು ಉಳಿದವುಗಳಿಗಿಂತ ಒಂದು ಕೈ ದೊಡ್ಡದು. ತಲೆ, ಕುತ್ತಿಗೆ, ಮೈ ಎಲ್ಲ ಒಂದೇ ಬೂದುಕಂದು, ಕೆನ್ನೆ ಬಿಳಿಯಲ್ಲ. ಕುತ್ತಿಗೆಯ ಪುಕ್ಕ ಒತ್ತೊತ್ತಾಗಿ ಗೀರು ಬಿದ್ದು ಉತ್ತ ಸಾಲಿನಂತೆ ಕಾಣುತ್ತಿತ್ತು. ಕೊಕ್ಕು ದಪ್ಪ, ಗುಲಾಬಿ, ತುದಿಯಲ್ಲಿ ಕಪ್ಪಿಲ್ಲ. ಕಾಲು ಗುಲಾಬಿ. ಅದು ಬೂದು ಹೆಬ್ಬಾತು; ಮರಾಠಿಯಲ್ಲಿ ಕಲಹಂಸ. ಯೂರೋಪಿನಿಂದ ಮಧ್ಯ ಏಶಿಯದವರೆಗೆ ಮರಿ ಮಾಡುವ ಈ ಜಾತಿಯು ಚಳಿಗೆ ಉತ್ತರ ಹಿಂದುಸ್ತಾನದ ಕೆರೆಗಳಿಗೆ ಸಾಕಷ್ಟು ಬರುತ್ತದೆ. ದಕ್ಖನದ ಎರೆನಾಡಿಗೆ ಅಪರೂಪ. ಶಿಕ್ಷಕರ ತರಬೇತಿಯಲ್ಲಿ ಓದಿದವರಿಗೆ ಇದರ ಪರಿಚಯ ಬೇರೆ ದಾರಿಯಿಂದ ಇದೆ. ಮೊಟ್ಟೆಯೊಡೆದು ಬಂದ ಮರಿಯು ಮೊದಲು ಕಂಡದ್ದನ್ನೇ ತಾಯಿಯೆಂದು ಹಿಂಬಾಲಿಸುವದನ್ನು ಕೊನ್ರಾಡ್ ಲೊರೆಂಟ್ಸ್ ಎಂಬ ಆಸ್ಟ್ರಿಯದ ವಿಜ್ಞಾನಿ ಈ ಬೂದು ಹೆಬ್ಬಾತಿನ ಮರಿಗಳಲ್ಲಿಯೇ ಅಭ್ಯಾಸ ಮಾಡಿದನು. ೧೯೭೩ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಪರೀಕ್ಷೆಗೆ ಆ ಪ್ರಶ್ನೆ ಬರೆದು ಗುಣ ಗಿಟ್ಟಿಸಿದ ನಾವು ಆ ಹಕ್ಕಿಯನ್ನು ಕಣ್ಣಾರೆ ಕಂಡದ್ದು ಅಂದೇ ಮೊದಲು. ಅದೂ ಹನ್ನೊಂದು ವರ್ಷದ ಹುಡುಗಿ ತೋರಿಸಿದಾಗ.

ಹತ್ತಿರ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆದೆವು. ಬಂದದ್ದು ನೀರಿನ ಅಂಚಿಗೆ ಒಂದು ಕಲೆ. ಹುಡುಗಿ ತನ್ನ ವಹಿಯಲ್ಲಿ ಪೆನ್ಸಿಲಿನಿಂದ ಅದರ ಚಿತ್ರ ಬರೆದಳು. ಅದೇ ಮೇಲಾಗಿತ್ತು.

ಇಲ್ಲಿಂದ ಮುಂದಿನದು ನಮ್ಮ ಮನೆಯ ಮಾತು. ತಲಾವಿನ ದಂಡೆಗೆ ತಾಗಿ ನಮ್ಮ ಹೊಲವಿದೆ. ಆ ವರ್ಷ ಅದರಲ್ಲಿ ಕಡಲೆ. ಹೆಬ್ಬಾತುಗಳು ಹಗಲು ನೀರಿನ ಬದಿಗೆ ತೂಕಡಿಸಿ, ಹೊತ್ತು ಮುಳುಗಿದ ಮೇಲೆ ಹಾರಿ ಹೊಲಗಳಲ್ಲಿ ಮೇಯುತ್ತವೆ. ಬೆಳಕು ಹರಿಯುವ ಮುಂಚೆ ಮರಳುತ್ತವೆ. ಎಳ್ಳಮಾವಾಸ್ಯೆಯ ಹೊತ್ತಿಗೆ ನಮ್ಮ ಒಂಬತ್ತು ಗುಂಟೆ ಕಡಲೆ, ಹೂ ಬಿಟ್ಟದ್ದು, ಕತ್ತರಿಯಿಂದ ಕತ್ತರಿಸಿದ ಹಾಗೆ ಹೋಗಿತ್ತು. ಹೊಲ ನೋಡಿಕೊಳ್ಳುವವನು ನಮ್ಮ ತಮ್ಮ. ಶನಿವಾರ ಮಂಗಳವೇಢೆಯ ಪೇಟೆಯಿಂದ ಪಟಾಕಿ ತಂದುಕೊಟ್ಟವರು ನಾವೇ.

ಆದಿತ್ಯವಾರ ತಲಾವಿನಿಂದ ಮನೆಗೆ ಬಂದು, “ಇವತ್ತೊಂದು ರಾತ್ರಿ ಪಟಾಕಿ ಬ್ಯಾಡ, ಸೋಲಾಪುರದಿಂದ ಬಲ್ಲವರೊಬ್ಬರು ನಾಳೆ ದೊಡ್ಡ ಕ್ಯಾಮೆರಾ ತರತಾರ” ಅಂದೆವು. ತಮ್ಮ ಏನೂ ಅನ್ನಲಿಲ್ಲ. ಅವನ ಹೆಂಡತಿ ರೊಟ್ಟಿ ಬಡಿಯುತ್ತ, “ನಿಮಗ ಪಗಾರ ಐತಿ ಮಾವಾರ” ಅಂದಳು. ಅಷ್ಟೇ ಮಾತು. ನಾವು ಮುಂದೆ ಬಾಯಿ ಬಿಡಲಿಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಪಟಾಕಿ ಹಾರಿದವು, ಹಿಂಡು ಕೂಗುತ್ತ ಎದ್ದಿತು, ಬೆಳಿಗ್ಗೆ ತಲಾವು ಬರಿದು. ನಾಲ್ಕನೆಯ ದಿನ ಪಟ್ಟೆತಲೆಯವು ಅರವತ್ತರಷ್ಟು ಮರಳಿ ಬಂದವು. ಗುಲಾಬಿ ಕಾಲಿನದು ಬರಲಿಲ್ಲ.

ಸೋಲಾಪುರದ ಆ ಗೃಹಸ್ಥರು ಹಕ್ಕಿ ನೋಡುವದರಲ್ಲಿ ಪಳಗಿದವರು. ನಮ್ಮ ವರ್ಣನೆಯನ್ನೆಲ್ಲ ಕೇಳಿ, “ಮುಂಜಾನೆಯ ಕೆಂಪು ಬಿಸಿಲಿನಲ್ಲಿ ಹಳದಿ ಕಾಲೂ ಗುಲಾಬಿ ಕಾಣುತ್ತದೆ ಮಾಸ್ತರ್” ಎಂದರು. ಅವರು ಹೇಳಿದ್ದು ಸರಿಯಾದ ಶಂಕೆ. ಅದಕ್ಕೆ ನಮ್ಮ ಉತ್ತರವಿಷ್ಟೇ: ಅದೇ ಬಿಸಿಲಿನಲ್ಲಿ, ಅದೇ ಹೊತ್ತಿಗೆ, ಉಳಿದವುಗಳ ಕಾಲು ಹಳದಿಯಾಗಿಯೇ ಕಂಡಿದ್ದವು. ಒಂದೇ ಬೆಳಕಿನಲ್ಲಿ ಪಕ್ಕದ ಹಕ್ಕಿಯೊಡನೆ ಹೋಲಿಸಿ ನೋಡುವದೇ ಬಣ್ಣದ ಪರೀಕ್ಷೆ; ಒಂಟಿಯಾಗಿ ನೋಡಿದ ಬಣ್ಣಕ್ಕೆ ಬೆಲೆಯಿಲ್ಲ. ಇನ್ನೊಂದು ಶಂಕೆಯನ್ನು ಅವರು ಎತ್ತಿದರು: ಯಾರದೋ ತೋಟದ ಮನೆಯಿಂದ ತಪ್ಪಿಸಿಕೊಂಡ ಸಾಕಿದ ಹೆಬ್ಬಾತಾಗಿರಬಹುದಲ್ಲ? ಯೂರೋಪಿನ ಸಾಕು ಹೆಬ್ಬಾತಿನ ಮೂಲವೇ ಈ ಬೂದು ಹೆಬ್ಬಾತು. ಬಣ್ಣದಿಂದ ಮೋಸ ಹೋಗುವದು ಸಾಧ್ಯ. ಆದರೆ ಸಾಕಿದ್ದು ಹೊಟ್ಟೆ ಜೋತು, ಬುಡ ಭಾರವಾಗಿ ನಡೆಯುತ್ತದೆ. ಹಿಂಡಿನ ಸಮಕ್ಕೆ ಹಾರಲಾರದು. ನಮ್ಮದು ಆದಿತ್ಯವಾರ ನಾಯಿಯೊಂದು ಬಂದಾಗ ಎಲ್ಲದರ ಸಂಗಡ ಎದ್ದು ಒಂದು ಸುತ್ತು ಹಾಕಿ ಇಳಿದಿತ್ತು. ಎದ್ದಾಗ ರೆಕ್ಕೆಯ ಮುಂಭಾಗ ಒಲೆಯ ಬೂದಿಯಷ್ಟು ತಿಳಿಯಾಗಿ ಬೆಳಗಿದ್ದನ್ನು ನಾವೂ ಹುಡುಗಿಯೂ ಕಂಡೆವು. ಅವರು ನಕ್ಕು, “ನನಗೆ ಒಪ್ಪಿಗೆ, ಆದರೆ ಚಿತ್ರವಿಲ್ಲದೆ ದಾಖಲೆಗೆ ಹಾಕಲಾರೆ” ಎಂದರು. ಅದೂ ಸರಿಯೇ. ಸಾಕ್ಷಿಯಿಲ್ಲದ ಮಾತನ್ನು ಕಾಗದಕ್ಕೆ ಏರಿಸಿದರೆ ಊರಿಗೊಂದು ಅಪೂರ್ವ ಹಕ್ಕಿ ಹುಟ್ಟಿಕೊಳ್ಳುತ್ತದೆ.

ಬೇರೆ ಜಾತಿಗಳೂ ಇವೆ. ಬಿಳಿಹಣೆಯ ಹೆಬ್ಬಾತು ಈ ದೇಶಕ್ಕೆ ಬಹಳ ಅಪರೂಪದ್ದು. ಅದರ ಕಾಲು ಕಿತ್ತಳೆ. ಆದ್ದರಿಂದ ಪಟ್ಟೆತಲೆಯವುಗಳ ನಡುವೆ ಕಾಲನ್ನಷ್ಟೇ ನೋಡಿದರೆ ಅದು ತಪ್ಪಿಹೋಗುವದು. ಅದಕ್ಕೆ ಕೊಕ್ಕಿನ ಬುಡದ ಸುತ್ತ ಬಿಳಿಯ ಪಟ್ಟಿ, ಹೊಟ್ಟೆಯ ಮೇಲೆ ಅಡ್ಡಡ್ಡ ಕಪ್ಪು ಬರೆ. ಅದರ ಮರಿಗೆ ಇವೆರಡೂ ಇರುವದಿಲ್ಲವಾದ್ದರಿಂದ ಮರಿಯ ವಿಷಯದಲ್ಲಿ ಜಂಬ ಬೇಡ. ಅದರದೇ ಚಿಕ್ಕ ಜಾತಿಯೊಂದಿದೆ, ಕಣ್ಣಿನ ಸುತ್ತ ಹಳದಿ ಬಳೆ. ಅದು ಜಗತ್ತಿನಲ್ಲಿಯೇ ಕಡಿಮೆಯಾಗುತ್ತಿರುವ ಹಕ್ಕಿ. ಅವರೆ ಹೆಬ್ಬಾತೆಂಬ ಇನ್ನೊಂದಕ್ಕೆ ಕಪ್ಪು ಕೊಕ್ಕು, ಅದರ ನಡುವೆ ಕಿತ್ತಳೆಯ ಪಟ್ಟಿ. ಇವು ನಮ್ಮ ತಲಾವಿಗೆ ಬರುವವೆಂದು ನಾವು ಹೇಳುವದಿಲ್ಲ. ಕಂಡರೆ ಗುರುತು ಸಿಗಲಿ ಎಂದಷ್ಟೇ ಬರೆದಿದೆ.

ಹೆಬ್ಬಾತಲ್ಲದ್ದನ್ನು ಹೆಬ್ಬಾತೆನ್ನುವದು ಇನ್ನೂ ಹೆಚ್ಚು. ಕಿತ್ತಳೆಗೆಂಪು ಮೈಯ ಜೋಡಿಹಕ್ಕಿ ಚಕ್ರವಾಕ; ಅದೂ ಲಡಾಖದ ಕಡೆಯದೇ, ಆದರೆ ಬೇರೆ. ಕೊಕ್ಕಿನ ಮೇಲೆ ಕಪ್ಪು ಗುಬುಟು ಹೊತ್ತದ್ದು ಗುಬುಟು ಬಾತು. ಮುಗಿಲಲ್ಲಿ ಬಾಣದಂತೆ ಸಾಲುಗಟ್ಟಿ ಹೋಗುವದೆಲ್ಲ ಹೆಬ್ಬಾತಲ್ಲ. ಕೊಕ್ಕರೆಯಂತೆ ಕಾಲು ಬಾಲದ ಹಿಂದೆ ಉದ್ದಕ್ಕೆ ಚಾಚಿದ್ದರೆ ಅದು ಕ್ರೌಂಚ. ಹೆಬ್ಬಾತಿನ ಕಾಲು ಹಾರುವಾಗ ಹೊರಗೆ ಕಾಣುವದಿಲ್ಲ.

ನೋಡುವ ರೀತಿಯ ವಿಷಯವಾಗಿ ನಾವು ಕಲಿತದ್ದನ್ನು ಹೇಳುತ್ತೇವೆ. ಹೊತ್ತು ಮೂಡಿ ಒಂದು ತಾಸಾದ ಮೇಲೆ ಹೋಗಬೇಕು. ಕೆಂಪು ಬಿಸಿಲು ಇಳಿದಿರುತ್ತದೆ, ನೀರಿನ ಮೇಲೆ ಝಳ ಇನ್ನೂ ಎದ್ದಿರುವದಿಲ್ಲ. ಸೂರ್ಯನಿಗೆ ಬೆನ್ನು ಮಾಡಿ ಕೂಡಬೇಕು. ನಿಂತವನಿಗಿಂತ ಕೂತವನಿಗೆ, ಕೂತವನಿಗಿಂತ ಕುರಿಗಳ ನಡುವೆ ಇದ್ದವನಿಗೆ ಅವು ಹೆದರುವದಿಲ್ಲ. ಕುರಿಯವರನ್ನು ಅವು ಮನುಷ್ಯರಲ್ಲಿ ಎಣಿಸಿದಂತಿಲ್ಲ. ಆ ಹುಡುಗಿ ನಮಗಿಂತ ಮೊದಲು ಕಂಡದ್ದಕ್ಕೆ ಕಾರಣವೂ ಇದೇ. ಮೊದಲು ಎಲ್ಲವನ್ನೂ ಎಣಿಸಬೇಕು. ಎಣಿಸುವವನ ಕಣ್ಣು ಒಂದೊಂದು ಹಕ್ಕಿಯ ಮೇಲೂ ನಿಲ್ಲುತ್ತದೆ. ಸುಮ್ಮನೆ ನೋಡುವವನ ಕಣ್ಣು ಹಿಂಡಿನ ಮೇಲೆ ಜಾರುತ್ತದೆ. ಎಣಿಕೆ ಮುಗಿದ ಮೇಲೆ ಅಂಚಿನವನ್ನು ನೋಡಬೇಕು: ತಲೆ, ಕೊಕ್ಕು, ಕಾಲು, ಹೊಟ್ಟೆ. ಕಂಡದ್ದನ್ನು ಅಲ್ಲಿಯೇ ಬರೆಯಬೇಕು. ಮನೆಗೆ ಬಂದು ಪುಸ್ತಕ ತೆರೆದ ಮೇಲೆ ಬರೆದರೆ ಪುಸ್ತಕದಲ್ಲಿದ್ದದ್ದೇ ಕಂಡಂತಾಗುತ್ತದೆ. ಸಲೀಂ ಅಲಿಯವರ ೧೯೪೧ರ ಪುಸ್ತಕ ಅನೇಕ ಸಲ ಅಚ್ಚಾಗಿದೆ. ಕನ್ನಡದಲ್ಲಿ ತೇಜಸ್ವಿಯವರ ಹಕ್ಕಿಯ ಪುಸ್ತಕವಿದೆ. ಈಗ ಮೊಬೈಲಿನಲ್ಲಿ ಇ-ಬರ್ಡ್ ಎಂಬ ಪಟ್ಟಿಯಲ್ಲಿ ಎಣಿಕೆಯನ್ನು ಕಳಿಸಬಹುದು. ಪ್ರತಿ ವರ್ಷ ಜನೆವರಿಯಲ್ಲಿ ಏಶಿಯದ ನೀರಹಕ್ಕಿಗಳ ಗಣತಿ ನಡೆಯುತ್ತದೆ, ೧೯೮೭ರಿಂದ ನಡೆದುಬಂದದ್ದು. ಹಳ್ಳಿಯ ಚಿಕ್ಕ ತಲಾವಿನ ಎಣಿಕೆಗೂ ಅದರಲ್ಲಿ ಜಾಗವುಂಟು.

ಕುತ್ತಿಗೆಗೆ ಬಣ್ಣದ ಪಟ್ಟಿ, ಅದರ ಮೇಲೆ ಅಕ್ಷರ ಇದ್ದ ಹೆಬ್ಬಾತು ಕಂಡರೆ ಅದು ಬಂಗಾರ. ಮಂಗೋಲಿಯದಲ್ಲಿ ಇಂಥ ಪಟ್ಟಿ ತೊಡಿಸಿದವು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಂಡದ್ದುಂಟು. ಪಟ್ಟಿಯ ಬಣ್ಣ, ಅಕ್ಷರ, ತಾರೀಖು, ಊರು ಬರೆದು ಮುಂಬಯಿಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸಾಯಿಟಿಗೆ ತಿಳಿಸಬೇಕು. ಹಿಡಿಯುವದು ಬೇಡ.

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನು ನೋಡದವರು ಒಮ್ಮೆ ಚಳಿಯಲ್ಲಿ ನೋಡಿಬರಬೇಕು. ಸುಮಾರು ೫೦ ಹೆಕ್ಟೇರಿನ ಕೆರೆ. ಚಳಿಗಾಲಕ್ಕೆ ಎಂಟು ಸಾವಿರದಷ್ಟು ಹಕ್ಕಿಗಳು, ಅವುಗಳಲ್ಲಿ ಪಟ್ಟೆತಲೆಯವೇ ಮುಖ್ಯ. ೨೦೨೪ರಲ್ಲಿ ಅದು ಜಗತ್ತಿನ ಮಹತ್ವದ ನೀರುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಲ್ಲಿಯೂ ಅವು ಸಂಜೆಗೆ ಎದ್ದು ಒಕ್ಕಲಿಗರ ಹೊಲಕ್ಕೇ ಹೋಗುತ್ತವೆ. ಪಟ್ಟಿಗೆ ಸೇರಿದ ಕೆರೆಯ ಹಕ್ಕಿ ಪಟ್ಟಿಗೆ ಸೇರದ ಹೊಲದಲ್ಲಿ ಉಣ್ಣುವದೆಂಬುದನ್ನು ದೊಡ್ಡವರು ಮರೆಯಬಾರದು.

ಹಾಗಾದರೆ ಕಡಲೆಯ ಗತಿಯೇನು? ಎಳೆಯ ಕಡಲೆಯ ಕುಡಿಯನ್ನು ನಾವೇ ಚಿವುಟಿ ಪಲ್ಲೆ ಮಾಡುತ್ತೇವೆ. ಬಿತ್ತಿದ ಮೂವತ್ತು ನಾಲ್ವತ್ತು ದಿವಸಕ್ಕೆ ಕುಡಿ ಚಿವುಟಿದರೆ ಕವಲು ಹೆಚ್ಚುವದೆಂದು ಕೃಷಿ ಖಾತೆಯವರೂ ಹೇಳುತ್ತಾರೆ. ಆ ಅವಧಿಯಲ್ಲಿ ಹೆಬ್ಬಾತು ಒಂದೆರಡು ರಾತ್ರಿ ಮೇದರೆ ಬೆಳೆ ಚೇತರಿಸಿಕೊಂಡದ್ದನ್ನು ಕಂಡಿದ್ದೇವೆ. ಹೂವಿನ ಮೇಲೆ ಬಿದ್ದರೆ ಚೇತರಿಕೆಯಿಲ್ಲ. ಎರೆ ಹಸಿ ಇದ್ದರೆ ಗಿಡ ಬೇರುಸಹಿತ ಬರುವದು. ಪಟಾಕಿಗೆ ನಾಲ್ಕು ದಿನ ಅಂಜುತ್ತವೆ, ಐದನೆಯ ದಿನ ರೂಢಿಯಾಗುತ್ತದೆ. ಬೆದರುಬೊಂಬೆ ಎರಡು ದಿನ. ಮಿಂಚುವ ಪಟ್ಟಿ ರಾತ್ರಿ ಮಿಂಚುವದಿಲ್ಲ. ನಾಯಿಯನ್ನು ಜೊತೆಗೆ ಕರೆದುಕೊಂಡು ರಾತ್ರಿ ಎರಡು ಸಲ ಕಂದೀಲು ಹಿಡಿದು ತಿರುಗುವದು ಉತ್ತಮ, ಆದರೆ ನಿದ್ದೆಗೇಡು.

ನಮಗೆ ಕೆಲಸಕ್ಕೆ ಬಂದದ್ದು ಬೇರೆ. ಹೆಬ್ಬಾತು ಸುತ್ತಲೂ ಕಣ್ಣು ಹಾಯುವ ಬಯಲಲ್ಲಿ ಮಾತ್ರ ಇಳಿಯುತ್ತದೆ. ನರಿ-ನಾಯಿ ಅಡಗುವ ಎತ್ತರದ ಬೆಳೆಗೆ ಕಾಲಿಡುವದಿಲ್ಲ. ಅದಕ್ಕಾಗಿ ದಂಡೆಯ ಕಡೆಯ ಪಟ್ಟಿಗೆ ಜೋಳ, ಅದರಾಚೆ ಕುಸುಬಿ, ಎಲ್ಲಕ್ಕೂ ಒಳಗೆ ಕಡಲೆ ಎಂದು ತಮ್ಮನು ಬದಲಿಸಿದನು. ಇದು ಅವನದೇ ಯುಕ್ತಿ, ನಮ್ಮದಲ್ಲ. ೨೦೨೩ರಲ್ಲಿ ಮಳೆ ಕೈಕೊಟ್ಟು ತಲಾವು ಒಣಗಿದ್ದರಿಂದ ಪರೀಕ್ಷೆಯಾಗಲಿಲ್ಲ. ಮರುವರ್ಷ ನೀರೂ ಬಂತು, ಹಕ್ಕಿಯೂ ಬಂತು. ಕಡಲೆಯ ಅಂಚು ಮಾತ್ರ ಎರಡು ಗುಂಟೆಯಷ್ಟು ಹೋಯಿತು. ನೀರಿನ ಮಗ್ಗುಲಿಗೆ ಜೋಳ ಬರುವ ಭೂಮಿಯುಳ್ಳವರು ಹೀಗೆ ಮಾಡಿ ನೋಡಬಹುದು. ಎರಡೇ ಎಕರೆಯಿದ್ದು ಅದೂ ಬರಿ ಕಡಲೆಯದಾದರೆ ಇದು ಸಾಗುವದಿಲ್ಲವೆಂಬದನ್ನು ಬಲ್ಲೆವು.

ಕಾಳಿಗೆ ವಿಷ ಹಚ್ಚಿ ಎರಚುವದನ್ನು ಕೆಲವು ಕಡೆ ಕೇಳಿದ್ದೇವೆ. ಅದನ್ನು ತಿಂದು ಮೊದಲು ಸಾಯುವದು ಪಾರಿವಾಳ, ಗೌಜಗ, ಮನೆಯ ಕೋಳಿ. ಅವನ್ನು ತಿಂದು ನಾಯಿ. ೧೯೭೨ರ ವನ್ಯಜೀವಿ ಕಾಯದೆಯಂತೆ ಹೆಬ್ಬಾತನ್ನು ಕೊಲ್ಲುವದು ಅಪರಾಧ. ತಾನಾಗಿ ಸತ್ತುಬಿದ್ದ ಹೆಬ್ಬಾತನ್ನೂ ಮುಟ್ಟತಕ್ಕದ್ದಲ್ಲ. ೨೦೦೫ರಲ್ಲಿ ಚೀನದ ಛಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ಬಿದ್ದು ಸಾವಿರಾರು ಹಕ್ಕಿಗಳು ಸತ್ತವು. ಪಟ್ಟೆತಲೆಯ ಹೆಬ್ಬಾತುಗಳೇ ಅದರಲ್ಲಿ ಹೆಚ್ಚು. ೨೦೦೬ರಲ್ಲಿ ನಮ್ಮ ಮಹಾರಾಷ್ಟ್ರದ ನವಾಪುರದ ಕೋಳಿಗಳಿಗೆ ಅದೇ ಬೇನೆ ಬಂದದ್ದು ಹಲವರಿಗೆ ನೆನಪಿರಬಹುದು. ಒಂದೆರಡಕ್ಕಿಂತ ಹೆಚ್ಚು ಸತ್ತದ್ದು ಕಂಡರೆ ದನದ ಡಾಕ್ಟರರಿಗೆ ತಿಳಿಸಿ, ಮಕ್ಕಳನ್ನೂ ಕೋಳಿಗಳನ್ನೂ ಆ ನೀರಿನಿಂದ ದೂರವಿಡಬೇಕು.

ಆ ಹುಡುಗಿ ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಸೂಟಿಯ ದಿನ ಕುರಿಗಳ ಜೊತೆ ಬಂದಾಗ ಹಳೆಯ ವಹಿಯನ್ನು ತರುತ್ತಾಳೆ. ಗುಲಾಬಿ ಕಾಲಿನ ಚಿತ್ರದ ಮುಂದಿನ ಪುಟಗಳಲ್ಲಿ ಬರಿ ಎಣಿಕೆ. ಈ ಸಾಲಿನ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ, ಊಟಕ್ಕೆ ಕೂಡುವ ಮುಂಚೆ ನಾವು, ತಮ್ಮ, ಅವನ ಹೆಂಡತಿ ಎಲ್ಲರೂ ದಂಡೆಯ ಮೇಲೆ ನಿಂತು ದುರ್ಬೀನು ಕೈಯಿಂದ ಕೈಗೆ ಕೊಟ್ಟು ನೋಡಿದೆವು. ೬೨ ಇದ್ದವು, ಒಂಬತ್ತು ಮರಿ. ಕಾಲೆಲ್ಲ ಹಳದಿ.